ಭುಜ ಹಿಡ್ಕೊಂಡಿದೆಯಾ? ನೀವಿಸಿಕೊಳ್ಳೋ ಮೊದಲು ಇದನ್ನು ಓದಿ

ಬೆಳಿಗ್ಗೆ ಅಂಗಡಿ ಶಟರ್ ಎತ್ತುವಾಗ ಭುಜದಲ್ಲಿ ‘ಚಳಕ್’ ಅಂದಿತು. ಸಂಜೆ ಹೊತ್ತಿಗೆ ಕೈ ಎತ್ತೋಕೇ ಆಗ್ತಿಲ್ಲ. ‘ನರ ಹಿಡ್ಕೊಂಡಿದೆ, ಎಣ್ಣೆ ಹಾಕಿ ನೀವಿಸ್ಕೋ’ ಅನ್ನುವವರು ಒಬ್ಬರು, ‘ಕೀಲು ತಪ್ಪಿದೆ, ಎಳೆಸಿ ಕಟ್ಟು ಹಾಕಿಸು’ ಅನ್ನುವವರು ಇನ್ನೊಬ್ಬರು. ಆದರೆ ಭುಜದ ನೋವೆಲ್ಲ ಒಂದೇ ಅಲ್ಲ. ಕೆಲವು ಎರಡು ವಾರ ಕಾದರೂ ನಡೆಯುತ್ತದೆ, ಕೆಲವಕ್ಕೆ ಅದೇ ದಿನ ಎಕ್ಸ್-ರೇ ಆಗಲೇಬೇಕು.

ಸೊಂಟದ ಕೀಲಿನಲ್ಲಿ ಮೂಳೆಯ ಗುಂಡು, ಒರಳೊಳಗೆ ಗುಂಡುಕಲ್ಲು ಕೂತ ಹಾಗೆ ಆಳವಾಗಿ ಕೂತಿರುತ್ತದೆ. ಭುಜದ್ದು ಹಾಗಲ್ಲ, ಪುಟ್ಟ ತಟ್ಟೆಗೆ ನಿಂಬೆಹಣ್ಣು ಆನಿಸಿಟ್ಟಂತೆ. ಕೈ ಎಲ್ಲ ಕಡೆ ತಿರುಗುವುದು ಅದರಿಂದಲೇ, ಸುಲಭವಾಗಿ ಜಾರುವುದೂ ಅದರಿಂದಲೇ. ಆ ಗುಂಡನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ 4 ಸ್ನಾಯುಗಳು. ವೈದ್ಯರು ಇದನ್ನು ರೊಟೇಟರ್ ಕಫ್ ಅನ್ನುತ್ತಾರೆ.

ಬೈಕ್ ಸ್ಕಿಡ್ ಆಗಿ ಕೈಯೂರಿ ಬಿದ್ದಾಗ, ಕಬಡ್ಡಿಯಲ್ಲಿ ಕೈ ಎಳೆದಾಗ ಭುಜ ತಪ್ಪುವುದು ಸಾಮಾನ್ಯ. ಭುಜದ ದುಂಡು ಆಕಾರ ಹೋಗಿ ಚಪ್ಪಟೆಯಾಗಿ ಕಾಣುತ್ತದೆ, ಪೆಟ್ಟಾದ ಕೈಯಿಂದ ಇನ್ನೊಂದು ಭುಜ ಮುಟ್ಟಲು ಆಗುವುದಿಲ್ಲ. ಅಲ್ಲೇ ರಸ್ತೆ ಬದಿಯಲ್ಲಿ ಯಾರೋ ಗೊತ್ತಿದ್ದವರು ಎಳೆದು ಕೂರಿಸಲು ಹೋಗುವುದೇ ದೊಡ್ಡ ಅಪಾಯ. ಕೀಲು ತಪ್ಪಿದ ಜೊತೆಗೆ ಮೂಳೆಯೂ ಬಿರಿದಿರಬಹುದು. ಕಂಕುಳಲ್ಲಿ ಹಾದುಹೋಗುವ ನರ, ರಕ್ತನಾಳಕ್ಕೆ ಎಳೆತದಿಂದ ಏಟಾಗಬಹುದು. ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿ, ನೋವು ತಿಳಿಯದಂತೆ ಔಷಧ ಕೊಟ್ಟು ಕೂರಿಸುತ್ತಾರೆ. ಅಲ್ಲಿಗೆ ಹೋಗುವವರೆಗೆ ಕೈಯನ್ನು ಇದ್ದ ಹಾಗೇ ಟವೆಲ್ ಜೋಳಿಗೆಯಲ್ಲಿ ಕತ್ತಿಗೆ ಕಟ್ಟಿ. ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಅರಿವಳಿಕೆ ಬೇಕಾಗಬಹುದು, ಹಾಗಾಗಿ ಕಾಫಿ–ತಿಂಡಿ ಕೊಡಬೇಡಿ. ಹದಿಹರೆಯದವರಿಗೆ ಒಮ್ಮೆ ತಪ್ಪಿದ ಭುಜ ಮತ್ತೆ ಮತ್ತೆ ತಪ್ಪುವ ಸಾಧ್ಯತೆ ಹೆಚ್ಚು. ‘ಕೂತ್ಕೊಂಡ್ತಲ್ಲ’ ಅಂತ ಮುಂದಿನ ವಾರವೇ ಅಂಕಣಕ್ಕೆ ಇಳಿಯುವಂತಿಲ್ಲ.

ತೋಳಿನ ಮೂಳೆ ನಡುವೆ ಮುರಿದರೆ ಬೇರೆಯದೇ ಕಥೆ. ಆ ಮೂಳೆಗೆ ಅಂಟಿಕೊಂಡೇ ಒಂದು ನರ ಸುತ್ತಿ ಇಳಿಯುತ್ತದೆ. ಅದಕ್ಕೆ ಪೆಟ್ಟಾದರೆ ಮಣಿಕಟ್ಟು ಜೋತು ಬೀಳುತ್ತದೆ, ಕೈ ಮೇಲಕ್ಕೆತ್ತಿ ‘ನಿಲ್ಲಿ’ ಅಂತ ತೋರಿಸಲೂ ಆಗದು. ಇದನ್ನು ಮೊದಲ ದಿನವೇ ವೈದ್ಯರಿಗೆ ಹೇಳಬೇಕು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ನರ ಚೇತರಿಸಿಕೊಳ್ಳುತ್ತದೆ. ಇಂಥ ಮುರಿತ ಎಷ್ಟೋ ಸಲ ಆಪರೇಷನ್ ಇಲ್ಲದೆ ಪಟ್ಟಿಯಲ್ಲೇ ಕೂಡುತ್ತದೆ. ಆದರೆ ಯಾರೇ ಕಟ್ಟಿರಲಿ, ಕಟ್ಟು ಬಿಗಿಯಾಗಿ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಬೆಳಗಾಗಲಿ ಅಂತ ಕಾಯಬಾರದು.

ಇನ್ನು ಶಟರ್, ಮೂಟೆ, ಸಿಲಿಂಡರ್ ಎತ್ತುವವರ ನೋವು. ಇದು ಬಹುಪಾಲು ರೊಟೇಟರ್ ಕಫ್‌ನದ್ದು. ಆ ಮಗ್ಗುಲಿಗೆ ಮಲಗಿದರೆ ರಾತ್ರಿ ನಿದ್ದೆಯಿಲ್ಲ, ಮೇಲಿನ ಶೆಲ್ಫಿನಿಂದ ಡಬ್ಬ ತೆಗೆಯುವಾಗ ಜೀವ ಹೋದ ಹಾಗಾಗುತ್ತದೆ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15–20 ನಿಮಿಷ ಇಟ್ಟು, ಭಾರ ಎತ್ತುವುದು ನಿಲ್ಲಿಸಿದರೆ ಸಾಮಾನ್ಯ ಉಳುಕು ಇಳಿಯುತ್ತದೆ. ತಾನಾಗಿ ಕೈ ಎತ್ತಲು ಆಗದೆ, ಬೇರೆಯವರು ಎತ್ತಿದರೆ ಮಾತ್ರ ಏಳುತ್ತದೆ ಎಂದಾದರೆ ಸ್ನಾಯು ಹರಿದಿರುವ ಅನುಮಾನ. ಮೂಳೆ ತಜ್ಞರಿಗೆ ತೋರಿಸಿ. ಬಿಗಿಯಾದ ಶಟರ್‌ಗೆ ಗ್ರೀಸ್ ಹಾಕಿಸುವುದು, ಭಾರದ ಮಾಲನ್ನು ಸೊಂಟದ ಎತ್ತರಕ್ಕೆ ಇಳಿಸಿಕೊಳ್ಳುವುದು ಕೂಡ ಚಿಕಿತ್ಸೆಯೇ.

ಪೆಟ್ಟೇ ಇಲ್ಲದೆ, 40 ದಾಟಿದವರಿಗೆ ನಿಧಾನವಾಗಿ ಭುಜ ಬಿಗಿಯುತ್ತಾ ಬಂದು ಜಡೆ ಹಾಕಲು, ಬೆನ್ನಿಗೆ ಸೋಪು ಹಚ್ಚಲು ಆಗದಿದ್ದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ಹಾಗಾಗಿ ಒಮ್ಮೆ ಶುಗರ್ ಟೆಸ್ಟ್ ಮಾಡಿಸಿ. ಬಿಡಲು ಒಂದರಿಂದ ಮೂರು ವರ್ಷವೂ ಹಿಡಿಯಬಹುದು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಬಿಡದೆ ಮಾಡಬೇಕು. ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡರೆ ಕೆಲವು ದಿನ ಶುಗರ್ ಏರುತ್ತದೆ ಎಂಬುದು ನೆನಪಿರಲಿ.

ಕೊನೆಗೊಂದು: ಏಟಾಗಿಲ್ಲ, ಕೈ ಆಡಿಸಿದರೂ ನೋವು ಹೆಚ್ಚಾಗುತ್ತಿಲ್ಲ, ಆದರೆ ಭುಜ, ತೋಳಿನ ಜೊತೆ ಎದೆ ಹಿಂಡಿ, ಬೆವರು, ಉಸಿರುಕಟ್ಟು ಬಂದರೆ ಅದು ಹೃದಯದ್ದಿರಬಹುದು. ಎಣ್ಣೆ ಬಾಟಲಿ ಹುಡುಕಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.