ಹಿರಿಯರಿಗೆ ನೆಮ್ಮದಿಯ ನೆಲೆ

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲ, ಕೃಷ್ಣರಾಜನಗರದ ಭತ್ತದ ಗದ್ದೆ, ಹೆಗ್ಗಡದೇವನಕೋಟೆಯ ಕಾಡಂಚು—ಈ ಸೀಮೆಯ ಹಿರಿಯರು ಬಹುಕಾಲ ತಮ್ಮ ಮನೆಯ ಜಗಲಿಯಲ್ಲೇ ಮುಪ್ಪನ್ನು ಕಳೆದವರು. ಇಂದು ಮಕ್ಕಳಲ್ಲಿ ಅನೇಕರು ಮೈಸೂರು, ಬೆಂಗಳೂರುಗಳನ್ನು ಸೇರಿದ್ದಾರೆ. ತಂದೆತಾಯಿಗಳನ್ನು ವೃದ್ಧಾಶ್ರಮಕ್ಕೋ ಶುಶ್ರೂಷಾಲಯಕ್ಕೋ ಸೇರಿಸಲೇಬೇಕಾಗಿ ಬಂದಾಗ, ಅಲ್ಲಿ ನಾವು ಗಮನಿಸತಕ್ಕದ್ದೇನು?

ಎಲ್ಲಕ್ಕಿಂತ ಮೊದಲು ಬಚ್ಚಲುಮನೆಯನ್ನು ನೋಡಿರಿ. ಮುಪ್ಪಿನಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ, ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯಲಾರರು. ಆದುದರಿಂದ ನೆಲ ಒರಟಾಗಿರಬೇಕು, ನೀರು ನಿಲ್ಲಬಾರದು, ಗೋಡೆಯಲ್ಲಿ ಭದ್ರವಾದ ಹಿಡಿಕಂಬಿ ಇರಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಲೇಸು. ಒಳಗೆ ಬಿದ್ದವರ ಮೈಯೇ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲಾಗದು. ಮಂಚದಲ್ಲಿ ಕುಳಿತಾಗ ಪಾದ ನೆಲ ಮುಟ್ಟಬೇಕು. ಅಲ್ಲಿಂದ ಬಚ್ಚಲಿನವರೆಗೆ ಇರುಳೆಲ್ಲ ಸಣ್ಣ ದೀಪ ಉರಿಯಬೇಕು.

ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುವುದು. ರಾತ್ರಿ ಈ ಕೆಲಸಕ್ಕೆ ಎಷ್ಟು ಮಂದಿ ಇರುತ್ತಾರೆಂದು ಸಂಕೋಚವಿಲ್ಲದೆ ಕೇಳಿರಿ. ಜೀವಮಾನವೆಲ್ಲ ರಾಗಿಮುದ್ದೆ, ಸೊಪ್ಪಿನ ಸಾರು ಉಂಡವರಿಗೆ ಅದು ದೊರೆಯುವುದೇ ಎಂಬುದೂ ಸಣ್ಣ ಮಾತಲ್ಲ.

ವೆಚ್ಚ ಭರಿಸುವವರಿಲ್ಲದ ಹಿರಿಯರಿಗೂ ದಾರಿಯಿದೆ. ಈ ನಾಲ್ಕು ತಾಲ್ಲೂಕುಗಳು ಹುಣಸೂರು ಉಪವಿಭಾಗಕ್ಕೆ ಸೇರಿವೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯಂತೆ, ಉಪವಿಭಾಗಾಧಿಕಾರಿಗಳ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡುವಂತೆ ಮಕ್ಕಳಿಗೆ ಆಜ್ಞೆಯಾಗಬಹುದು. ಮಕ್ಕಳಿಗೆ ಹೊಲಮನೆಗಳನ್ನು ದಾನವಾಗಿ ಬರೆದುಕೊಡುವ ಹಿರಿಯರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಕಾಣಿಸುವುದು ಕ್ಷೇಮ; ಆ ಮಾತು ತಪ್ಪಿದರೆ ಪತ್ರವನ್ನು ರದ್ದುಪಡಿಸುವ ಅಧಿಕಾರ ಮಂಡಳಿಗಿದೆ. ಹಿರಿಯರ ಸಹಾಯವಾಣಿಯ ಸಂಖ್ಯೆ 14567.

ಅದೇ ಕಾಯಿದೆ, ಜಿಲ್ಲೆಗೆ ಒಂದಾದರೂ, 150 ಮಂದಿ ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದೆನ್ನುತ್ತದೆ. ಅಲ್ಲಿ ಔಷಧೋಪಚಾರದೊಡನೆ ಮನರಂಜನೆಯೂ ಇರಬೇಕೆಂಬುದನ್ನು ಮರೆತಿಲ್ಲ. ಆದರೆ ಕೋಟೆಯ ಕಾಡಂಚಿನ ಅಜ್ಜಿಗೆ ಜಿಲ್ಲಾಕೇಂದ್ರವೂ ಪರಸ್ಥಳವೇ. ಊರಿನವರು ಬಂದು ಮಾತನಾಡಿಸಿ ಹೋಗುವಷ್ಟು ಹತ್ತಿರದಲ್ಲಿ ಆಶ್ರಮವಿದ್ದರೆ ಅವಳ ಅರ್ಧ ಕಾಯಿಲೆ ಕಡಮೆಯಾದಂತೆ.

ಸೇರಿಸಿದ ಮೇಲೆ ಹಣ ಕಳುಹಿಸಿ ಸುಮ್ಮನಾಗಬೇಡಿರಿ. ಮುನ್ಸೂಚನೆಯಿಲ್ಲದೆ ಒಂದು ಸಂಜೆ ಹೋಗಿ, ಹಾಸಿಗೆ ಮುಟ್ಟಿ ನೋಡಿ, ಪಕ್ಕದಲ್ಲಿ ಕುಳಿತು ಊಟ ಹೇಗಿತ್ತೆಂದು ಕೇಳಿರಿ. ವಿಚಾರಿಸುವ ಮಕ್ಕಳಿರುವರೆಂದು ತಿಳಿದಲ್ಲಿ ನೋಡಿಕೊಳ್ಳುವವರೂ ಎಚ್ಚರದಿಂದಿರುತ್ತಾರೆ.