ಹಳೆಯ ಮೋಟಾರಿನ ‘ಮಿಸ್ಸಿಂಗು’

ಅಂಬಾಸಡರ್ ಮೋಟಾರಿನ ತಯಾರಿಕೆಯು 2014ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕೂ ಮುಂಚೆಯೇ. ಆದರೂ ಹಿರಿಯರಿಂದ ಬಂದ ಅಂಥ ಗಾಡಿಯನ್ನು ಮಾರಲು ಮನಸ್ಸೊಪ್ಪದವರುಂಟು. ಚಿಂಚೋಳಿಯಿಂದ ಕಲಬುರಗಿಯ ಆಸ್ಪತ್ರೆಗೆ ರೋಗಿಯನ್ನು ಕೂರಿಸಿಕೊಂಡು ಹೊರಟಾಗ ಇಂಜಿನು ನಡುದಾರಿಯಲ್ಲಿ ತೊದಲತೊಡಗಿದರೆ ಒಳಗಿದ್ದವರ ಅವಸ್ಥೆ ಹೇಳತೀರದು. ಮಿಸ್ತ್ರಿಗಳು ಇದನ್ನು ‘ಮಿಸ್ಸಿಂಗು’ ಎನ್ನುವರು: ನಾಲ್ಕು ಸಿಲಿಂಡರುಗಳಲ್ಲಿ ಒಂದು ತನ್ನ ಸರದಿ ಬಂದಾಗ ಉರಿಯದಿರುವುದು.

ಕಾರಣವನ್ನರಿಯುವ ಮೊದಲೇ ಸಾಮಾನು ಕೊಳ್ಳುವುದು ದುಡ್ಡಿಗೆ ದಂಡ. ಮೊದಲು ಕೆಲಸಗೇಡಿ ಸಿಲಿಂಡರನ್ನು ಗುರುತಿಸಬೇಕು. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿರಿ. ಮುಚ್ಚಿದ ಕೋಣೆಯಲ್ಲಿ ಹೊಗೆಯೊಳಗಿನ ವಾಸನೆಯಿಲ್ಲದ ವಿಷಾನಿಲವು ಪ್ರಾಣ ತೆಗೆಯಬಲ್ಲದು. ಇಂಜಿನನ್ನು ಆರಿಸಿ, ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ಅದರ ತುದಿಗೆ ಬೇರೊಂದು ಪ್ಲಗ್ಗನ್ನು ಸಿಕ್ಕಿಸಿ, ಇಂಜಿನಿನ ಕಬ್ಬಿಣಕ್ಕೆ ತಾಗುವಂತೆ ಬಿಗಿದು ಮತ್ತೆ ನಡೆಸಬೇಕು. ನಡೆಯುವಾಗ ತಂತಿಯನ್ನು ಮುಟ್ಟಲಾಗದು. ಅದರಲ್ಲಿ ಸಾವಿರಾರು ವೋಲ್ಟುಗಳಿರುವುವು. ಓಟವು ಇನ್ನಷ್ಟು ಕುಂದಿದರೆ ಆ ಸಿಲಿಂಡರು ಆರೋಗ್ಯವಾಗಿದೆ. ಯಾವುದನ್ನು ಕಳಚಿದಾಗ ವ್ಯತ್ಯಾಸವೇ ಕಾಣದೋ ಅಲ್ಲಿಯೇ ಕಳ್ಳನಿರುವನು. ಕಿಡಿಯ ಕ್ರಮ 1-3-4-2 ಆದುದರಿಂದ ತಂತಿಗಳು ಅದಲುಬದಲಾಗದಂತೆ ಒಂದೊಂದಕ್ಕೂ ಬಣ್ಣದ ದಾರ ಕಟ್ಟುವುದು ಒಳ್ಳೆಯದು.

ಬಳಿಕ ಇಂಜಿನು ತಣಿದ ಮೇಲೆ ಆ ಪ್ಲಗ್ಗನ್ನು ಬಿಚ್ಚಿ ನೋಡಿರಿ. ಕಂದುಬಣ್ಣವಿದ್ದರೆ ಸರಿ. ಪೆಟ್ರೋಲಿನಿಂದ ತೊಯ್ದಿದ್ದರೆ ಕಿಡಿ ಬರುತ್ತಿಲ್ಲ. ಎಣ್ಣೆಯಿಂದ ಜಿಡ್ಡಾಗಿದ್ದರೆ ರಿಂಗುಗಳು ಸವೆದಿರಬಹುದು. ಒಣಗಿದ ಕರಿಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ನಮ್ಮ ಕಡೆ ಈ ಮಸಿಯನ್ನು ಕಂಡೊಡನೆ ಗಾಳಿ ಸೋಸುವ ಡಬ್ಬಿಯನ್ನು ತೆರೆಯಬೇಕು. ಶಹಾಬಾದದ ಹಾಸುಗಲ್ಲಿನ ಗಣಿಗಳು, ವಾಡಿ ಮತ್ತು ಸೇಡಂಗಳ ಸಿಮೆಂಟು ಕಾರಖಾನೆಗಳು, ಇವುಗಳ ನಡುವಣ ದಾರಿಯಲ್ಲಿ ಸುಣ್ಣಕಲ್ಲಿನ ಧೂಳನ್ನು ಕುಡಿಯದ ಮೋಟಾರು ಯಾವುದು? ಬೇರೆ ಊರಿನ ಪುಸ್ತಕದಲ್ಲಿ ಹೇಳಿದ ಅವಧಿಯನ್ನು ಇಲ್ಲಿ ನಂಬಲಾಗದೆಂದು ನನ್ನ ಅಭಿಪ್ರಾಯ.

ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿದಾಗ ದೋಷವೂ ಅಲ್ಲಿಗೆ ಹೋದರೆ ಪ್ಲಗ್ಗೇ ಕೆಟ್ಟಿದೆ. ಹೋಗದಿದ್ದರೆ ತಂತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳದ ಬಿರುಕು, ಮಳೆಗಾಲದ ತೇವ ಇವುಗಳನ್ನು ನೋಡಬೇಕು. ದೋಷವು ಎಲ್ಲ ಸಿಲಿಂಡರುಗಳಲ್ಲೂ ಅಲೆದಾಡಿದರೆ ಪಾಯಿಂಟುಗಳನ್ನು ಪರೀಕ್ಷಿಸಿರಿ. ಅವುಗಳ ನಡುವಣ ಸಂದು ಸುಮಾರು 0.4 ಮಿಲಿಮೀಟರು ಇರಬೇಕು. ಮೇ ತಿಂಗಳ ಮಧ್ಯಾಹ್ನದಲ್ಲಿ ಮಾತ್ರ ತೊದಲಿದರೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿರಬಹುದು. ನೆರಳಲ್ಲಿ ನಿಲ್ಲಿಸಿ ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿದರೆ ಸಾಕು.

ಕಿಡಿಯೂ ಪೆಟ್ರೋಲೂ ಸರಿಯಿದ್ದು ಸಿಲಿಂಡರು ಉರಿಯದಿದ್ದರೆ ವಾಲ್ವು ಕೆಟ್ಟಿರಬಹುದು. ಅದು ಮನೆಯಲ್ಲಾಗುವ ಕೆಲಸವಲ್ಲ. “ಮೂರನೆಯದು ಉರಿಯುತ್ತಿಲ್ಲ, ಪ್ಲಗ್ಗು ಬದಲಿಸಿ ನೋಡಿದ್ದೇನೆ” ಎಂದು ಮಿಸ್ತ್ರಿಗೆ ಹೇಳಿರಿ. ಅವನು ಇಡೀ ಇಂಜಿನನ್ನು ಬಿಚ್ಚಲು ಹೋಗುವುದಿಲ್ಲ.