ಆಕಾಶದಿಂದಿಳಿದ ಶತ್ರುವಿನ ಮುಖ ಯಾರದು?

ಇಂಗ್ಲೆಂಡಿನ ಸರ್ರೆ ಪ್ರಾಂತ್ಯದಲ್ಲಿ ವೋಕಿಂಗ್ ಎಂಬ ಪಟ್ಟಣವಿದೆ. 1895ರಲ್ಲಿ ಅಲ್ಲಿ ಮನೆ ಮಾಡಿದ್ದ ಯುವ ಲೇಖಕನೊಬ್ಬ ಆಗಷ್ಟೇ ಸೈಕಲ್ ತುಳಿಯುವುದನ್ನು ಕಲಿತಿದ್ದ. ಸೈಕಲ್ ಏರಿ ಸುತ್ತಲಿನ ಹಳ್ಳಿಗಳನ್ನು, ಬಯಲುಗಳನ್ನು ಅಲೆಯುತ್ತ, ಯಾವ ಜಾಗ ಹಾಳಾಗಬೇಕು, ಯಾವ ಜನ ಸಾಯಬೇಕು ಎಂದು ಗುರುತು ಮಾಡಿಕೊಳ್ಳುತ್ತಿದ್ದ. ಹಾಳು ಮಾಡಲು ಬರುವವರು ಮಂಗಳ ಗ್ರಹದವರು! ಆ ಲೇಖಕನೇ ಎಚ್.ಜಿ. ವೆಲ್ಸ್. ಈ ಸಂಗತಿಯನ್ನು ಆತನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆ ಸುತ್ತಾಟದ ಫಲವೇ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿ. 1897ರಲ್ಲಿ ಧಾರಾವಾಹಿಯಾಗಿ, ಮರುವರ್ಷ ಪುಸ್ತಕವಾಗಿ ಅದು ಓದುಗರ ಕೈ ಸೇರಿತು.

ಅಂದಿನಿಂದ ಇಂದಿನವರೆಗೆ ಅನ್ಯಗ್ರಹದ ಸೈನ್ಯ ಭೂಮಿಯ ಮೇಲೆ ದಂಡೆತ್ತಿ ಬರುವ, ಮನುಷ್ಯರು ಅದನ್ನು ಎದುರಿಸಿ ನಿಲ್ಲುವ ಕಥೆಗಳಿಗೆ ಲೆಕ್ಕವಿಲ್ಲ. ಕಾದಂಬರಿಗಳಾಯಿತು, ಸಿನಿಮಾಗಳಾಯಿತು, ವಿಡಿಯೋ ಆಟಗಳೂ ಆದವು. ಇದೆಲ್ಲ ಮಕ್ಕಳಾಟಿಕೆ ಎಂದು ಪಕ್ಕಕ್ಕೆ ಸರಿಸುವವರು ಬಹಳ ಮಂದಿ. ಆದರೆ ಈ ಕಥೆಗಳನ್ನು ಯಾರು ಬರೆದರು, ಯಾವಾಗ ಬರೆದರು ಎಂದು ನೋಡಹೊರಟರೆ ಬೇರೆಯೇ ಚಿತ್ರ ಕಾಣುತ್ತದೆ. ಶತ್ರು ಯಾವ ಗ್ರಹದಿಂದಲೇ ಬರಲಿ, ಅವನ ಮುಖ ಮಾತ್ರ ಆ ಕಾಲದಲ್ಲಿ ಇದೇ ಭೂಮಿಯ ಮೇಲೆ ನಡೆದ ಯಾವುದೋ ಯುದ್ಧದಿಂದ ಬಂದಿರುತ್ತದೆ. ಆ ಮುಖವನ್ನು ಲೇಖಕ ಹೇಗೆ ಬಿಡಿಸುತ್ತಾನೆ ಎಂಬುದರ ಮೇಲೆ ಓದುಗ ಯುದ್ಧವನ್ನು ಹೇಗೆ ಕಾಣುತ್ತಾನೆ ಎಂಬುದೂ ನಿಂತಿದೆ.

ಬೀಜ ಬಿದ್ದದ್ದು ಡಾರ್ಕಿಂಗ್‌ನಲ್ಲಿ

ವೆಲ್ಸ್‌ಗಿಂತ ಕಾಲು ಶತಮಾನ ಹಿಂದೆಯೇ ಈ ಬಗೆಯ ಕಥೆಯ ಅಚ್ಚು ಸಿದ್ಧವಾಗಿತ್ತು. 1870-71ರಲ್ಲಿ ಪ್ರಷ್ಯದ ಸೇನೆ ಫ್ರಾನ್ಸನ್ನು ಕೆಲವೇ ತಿಂಗಳುಗಳಲ್ಲಿ ಮಣಿಸಿತು. ರೈಲಿನ ಮೂಲಕ ದಂಡನ್ನು ಸಾಗಿಸುವ ಅಚ್ಚುಕಟ್ಟು, ಉಕ್ಕಿನ ಹೊಸ ಫಿರಂಗಿಗಳು, ನುರಿತ ಸೇನಾಧಿಕಾರಿಗಳ ಯೋಜನೆ, ಇವುಗಳ ಮುಂದೆ ಫ್ರಾನ್ಸ್ ನಿಲ್ಲಲಾಗಲಿಲ್ಲ. ಚಕ್ರವರ್ತಿ ಮೂರನೇ ನೆಪೋಲಿಯನ್ ಸೆಡಾನ್‌ನಲ್ಲಿ ಸೆರೆಯಾದ. ನಾಳೆ ಇದೇ ಗತಿ ನಮಗೂ ಬಂದರೆ ಎಂಬ ಭಯ ಇಂಗ್ಲೆಂಡನ್ನು ಹಿಡಿಯಿತು. 1871ರ ಮೇ ತಿಂಗಳಲ್ಲಿ 'ಬ್ಲ್ಯಾಕ್‌ವುಡ್ಸ್' ಪತ್ರಿಕೆಯಲ್ಲಿ ಪ್ರಕಟವಾದ 'ದಿ ಬ್ಯಾಟಲ್ ಆಫ್ ಡಾರ್ಕಿಂಗ್' ಎಂಬ ಕಥೆ ಆ ಭಯಕ್ಕೆ ರೂಪ ಕೊಟ್ಟಿತು. ಜರ್ಮನ್ ಮಾತನಾಡುವ ಸೈನ್ಯವೊಂದು ಇಂಗ್ಲೆಂಡಿನ ಕರಾವಳಿಯಲ್ಲಿ ಇಳಿದು, ಡಾರ್ಕಿಂಗ್ ಬೆಟ್ಟಗಳ ಬಳಿ ಬ್ರಿಟಿಷರನ್ನು ಸೋಲಿಸಿದ ಕಥೆಯನ್ನು ಅಜ್ಜನೊಬ್ಬ ಐವತ್ತು ವರ್ಷಗಳ ನಂತರ ಮೊಮ್ಮಕ್ಕಳಿಗೆ ಹೇಳುತ್ತಾನೆ. ಕಥೆ ಎಬ್ಬಿಸಿದ ಗದ್ದಲ ಎಷ್ಟಿತ್ತೆಂದರೆ, ಪ್ರಧಾನಿ ಗ್ಲ್ಯಾಡ್‌ಸ್ಟನ್ ಬಹಿರಂಗ ಭಾಷಣದಲ್ಲಿಯೇ ಅದರ ವಿರುದ್ಧ ಮಾತನಾಡಬೇಕಾಯಿತು.

ಬರೆದವನು ಸಾಹಿತಿಯಲ್ಲ, ಜಾರ್ಜ್ ಟಾಮ್‌ಕಿನ್ಸ್ ಚೆಸ್ನಿ ಎಂಬ ಸೇನಾ ಎಂಜಿನಿಯರ್. ಭಾರತದ ಓದುಗರಿಗೆ ಆಸಕ್ತಿ ಹುಟ್ಟಿಸುವ ಸಂಗತಿ ಇಲ್ಲಿದೆ. ಚೆಸ್ನಿ ಬಂಗಾಳ ಎಂಜಿನಿಯರ್ಸ್ ದಳದ ಅಧಿಕಾರಿಯಾಗಿದ್ದವನು. 1857ರಲ್ಲಿ ಬ್ರಿಟಿಷರು ದೆಹಲಿಗೆ ಮುತ್ತಿಗೆ ಹಾಕಿದಾಗ ಅಲ್ಲಿ ಗಾಯಗೊಂಡವನು. ಭಾರತದ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರುಗಳನ್ನು ತಯಾರು ಮಾಡಲು ಕೂಪರ್ಸ್ ಹಿಲ್‌ನಲ್ಲಿ ತೆರೆದ ಕಾಲೇಜಿನ ಮೊದಲ ಮುಖ್ಯಸ್ಥನೂ ಅವನೇ. ಬೇರೆಯವರ ರಾಜಧಾನಿಯನ್ನು ಮುತ್ತಿದವನ ಲೇಖನಿಯಿಂದಲೇ ತನ್ನ ನಾಡನ್ನು ಬೇರೆಯವರು ಮುತ್ತಿದರೆ ಏನಾದೀತು ಎಂಬ ಕಥೆ ಹೊರಟಿತು. ಆದರೆ ಚೆಸ್ನಿಯ ಕಥೆಯ ಉದ್ದೇಶ ಒಂದೇ: ಸೈನ್ಯವನ್ನು ಸರಿಪಡಿಸಿ, ಇಲ್ಲವಾದರೆ ಉಳಿಗಾಲವಿಲ್ಲ. ದೆಹಲಿಯ ಜನ ಅನುಭವಿಸಿದ್ದೇನು ಎಂಬ ಪ್ರಶ್ನೆಯನ್ನು ಅದು ಕೇಳಲಿಲ್ಲ.

ಟಾಸ್ಮೇನಿಯದ ನೆನಪು

ಆ ಪ್ರಶ್ನೆಯನ್ನು ಕೇಳಿದವನು ವೆಲ್ಸ್. ಅವನ ಮಂಗಳ ಗ್ರಹದವರು ಇಳಿಯುವುದೂ ಅದೇ ಸರ್ರೆ ಪ್ರಾಂತ್ಯದಲ್ಲೇ. ಅವರ ಕೈಯಲ್ಲಿ ಬೆಂಕಿಯ ಕಿರಣವಿದೆ, ಉಸಿರು ಕಟ್ಟಿಸುವ ಕಪ್ಪು ಹೊಗೆಯಿದೆ. ಮೂರು ಕಾಲಿನ ಎತ್ತರದ ಯಂತ್ರಗಳಲ್ಲಿ ಕುಳಿತು ಅವರು ಊರೂರು ತುಳಿಯುತ್ತ ಲಂಡನ್ನಿನತ್ತ ನಡೆಯುತ್ತಾರೆ. ಬ್ರಿಟಿಷರ ಫಿರಂಗಿಗಳು ಒಂದೆರಡು ಯಂತ್ರಗಳನ್ನು ಕೆಡವಿದರೂ ಒಟ್ಟಾರೆ ಕಾಳಗ ಏಕಪಕ್ಷೀಯ. ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯದ ರಾಜಧಾನಿಯ ಜನ ಗಂಟುಮೂಟೆ ಕಟ್ಟಿಕೊಂಡು ರಸ್ತೆಗೆ ಬೀಳುತ್ತಾರೆ.

ಈ ಕಥೆಯ ಹೊಳಹು ಬಂದದ್ದು ಅಣ್ಣ ಫ್ರಾಂಕ್ ಜೊತೆ ಮಾತನಾಡುತ್ತ ಅಡ್ಡಾಡುವಾಗ. ಯುರೋಪಿಯನ್ನರು ಟಾಸ್ಮೇನಿಯ ದ್ವೀಪಕ್ಕೆ ಬಂದ ಮೇಲೆ ಅಲ್ಲಿನ ಮೂಲನಿವಾಸಿಗಳು ಕೆಲವೇ ದಶಕಗಳಲ್ಲಿ ಬಹುಪಾಲು ನಾಶವಾಗಿದ್ದರು. ಅಂಥದೇ ಒಂದು ದಂಡು ಈಗ ಆಕಾಶದಿಂದ ಇಲ್ಲಿಗೇ ಇಳಿದರೆ ಎಂಬುದು ಅಣ್ಣನ ಪ್ರಶ್ನೆ. ಕಾದಂಬರಿಯ ಮೊದಲ ಅಧ್ಯಾಯದಲ್ಲೇ ವೆಲ್ಸ್ ಟಾಸ್ಮೇನಿಯವನ್ನು ಹೆಸರಿಸಿ, ಮಂಗಳದವರನ್ನು ಕ್ರೂರಿಗಳೆನ್ನುವ ಮುನ್ನ ನಾವು ಮಾಡಿದ್ದೇನೆಂದು ನೆನೆಯಬೇಕು ಎಂಬ ಅರ್ಥದ ಮಾತನ್ನು ಸೇರಿಸಿದ. ಪುಸ್ತಕ ಹೊರಬಂದ 1898ರಲ್ಲೇ ಸುಡಾನಿನ ಓಮ್ದುರ್ಮಾನ್‌ನಲ್ಲಿ ಬ್ರಿಟಿಷ್ ಮತ್ತು ಈಜಿಪ್ಟ್ ಪಡೆಗಳ ಮ್ಯಾಕ್ಸಿಮ್ ಗನ್ನು, ಫಿರಂಗಿಗಳ ಎದುರು ಒಂದೇ ಬೆಳಗಿನಲ್ಲಿ ಸುಮಾರು 10,000 ಸುಡಾನಿ ಯೋಧರು ಸತ್ತರು. ಎದುರು ಪಕ್ಷದಲ್ಲಿ ಸತ್ತವರು ಐವತ್ತರ ಆಸುಪಾಸು. ಓಮ್ದುರ್ಮಾನ್‌ನಲ್ಲಿ 'ಮಂಗಳದವರು' ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ವೆಲ್ಸ್ ಜೀವಶಾಸ್ತ್ರ ಓದಿದವನು. ಡಾರ್ವಿನ್ನನ ವಾದವನ್ನು ಎತ್ತಿ ಹಿಡಿದ ಟಿ.ಎಚ್. ಹಕ್ಸ್‌ಲಿಯ ಶಿಷ್ಯ. ಅದಕ್ಕೇ ಅವನ ಕಾದಂಬರಿಯಲ್ಲಿ ಭೂಮಿಯನ್ನು ಉಳಿಸುವುದು ಸೈನ್ಯವಲ್ಲ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯ. ಮನುಷ್ಯನ ದೇಹ ಸಾವಿರಾರು ತಲೆಮಾರುಗಳಲ್ಲಿ ಕಲಿತ ರೋಗನಿರೋಧ ಶಕ್ತಿ ಮಂಗಳದವರಿಗೆ ಇರಲಿಲ್ಲ. ಗೆದ್ದೆವೆಂದು ಎದೆ ತಟ್ಟಿಕೊಳ್ಳಲು ಓದುಗನಿಗೆ ಅಲ್ಲಿ ಅವಕಾಶವೇ ಇಲ್ಲ.

ಕವಚ ತೊಟ್ಟ ಸಿಪಾಯಿ

ಅರವತ್ತು ವರ್ಷಗಳ ನಂತರ ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ರಾಬರ್ಟ್ ಹೈನ್‌ಲೈನ್ ಅನ್ನಾಪೊಲಿಸ್ ನೌಕಾ ಅಕಾಡೆಮಿಯಲ್ಲಿ 1929ರಲ್ಲಿ ಪದವಿ ಪಡೆದ ಅಧಿಕಾರಿ. ಕ್ಷಯ ರೋಗದಿಂದಾಗಿ 1934ರಲ್ಲಿ ನೌಕಾಪಡೆಯನ್ನು ಬಿಡಬೇಕಾಯಿತು; ಯುದ್ಧಭೂಮಿಯನ್ನು ಕಾಣುವ ಯೋಗ ಬರಲಿಲ್ಲ. 1958ರಲ್ಲಿ, ಅಮೆರಿಕ ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಬೇಕೆಂಬ ಕೂಗು ಎದ್ದಾಗ ಆತ ಕೆರಳಿದ. ಅದರ ವಿರುದ್ಧ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಕೈಯಲ್ಲಿದ್ದ ಬೇರೊಂದು ಕಾದಂಬರಿಯನ್ನು ಬದಿಗಿಟ್ಟು 'ಸ್ಟಾರ್‌ಶಿಪ್ ಟ್ರೂಪರ್ಸ್' ಬರೆದ. 1959ರಲ್ಲಿ ಪ್ರಕಟವಾದ ಆ ಕೃತಿಯೇ ಇಂದು 'ಸೈನಿಕ ವೈಜ್ಞಾನಿಕ ಕಥೆ' ಎನಿಸಿಕೊಳ್ಳುವ ಪ್ರಕಾರಕ್ಕೆ ತಳಹದಿ.

ಅಲ್ಲಿನ ಶತ್ರುಗಳು ದೈತ್ಯ ಜೇಡಗಳಂಥ ಜೀವಿಗಳು. ಇರುವೆಗಳಂತೆ ಗೂಡುಕಟ್ಟಿ ಬಾಳುವ ಅವುಗಳಲ್ಲಿ ಒಂದೊಂದಕ್ಕೂ ಬೇರೆ ಮನಸ್ಸೆಂಬುದಿಲ್ಲ, ಸತ್ತರೆ ಅಳುವವರಿಲ್ಲ. ಕಮ್ಯುನಿಸ್ಟ್ ದೇಶಗಳ ಬಗ್ಗೆ ಆಗಿನ ಅಮೆರಿಕಕ್ಕಿದ್ದ ಕಲ್ಪನೆಯೇ ಇಲ್ಲಿ ಎಂಟು ಕಾಲು ಪಡೆದಿದೆ. ಕಥಾನಾಯಕ ಹುವಾನ್ ರಿಕೊ ಮೈಬಲವನ್ನು ಹಲವು ಪಟ್ಟು ಹೆಚ್ಚಿಸುವ ಯಾಂತ್ರಿಕ ಕವಚ ತೊಟ್ಟು, ಆಕಾಶನೌಕೆಯಿಂದ ನೇರವಾಗಿ ಶತ್ರುವಿನ ನೆಲಕ್ಕೆ ಧುಮುಕುತ್ತಾನೆ. ಈ ಕವಚದ ಕಲ್ಪನೆ ಮುಂದೆ ಅದೆಷ್ಟೋ ಚಿತ್ರಗಳಿಗೆ, ಆಟಗಳಿಗೆ ಬಂಡವಾಳವಾಯಿತು. ಆದರೆ ಪುಸ್ತಕದ ಹೆಚ್ಚಿನ ಪುಟಗಳು ಕಾಳಗದ್ದಲ್ಲ. ತರಬೇತಿ ಶಿಬಿರದ್ದು, ತರಗತಿಯ ಚರ್ಚೆಯದ್ದು. ಸ್ವಯಂಪ್ರೇರಣೆಯಿಂದ ದೇಶದ ಸೇವೆ ಸಲ್ಲಿಸಿದವನಿಗೆ ಮಾತ್ರ ಮತದಾನದ ಹಕ್ಕು ಎಂಬ ವ್ಯವಸ್ಥೆಯನ್ನು ಹೈನ್‌ಲೈನ್ ಅಲ್ಲಿ ಸಮರ್ಥಿಸುತ್ತಾನೆ. ಪುಸ್ತಕಕ್ಕೆ ಹ್ಯೂಗೊ ಪ್ರಶಸ್ತಿ ಬಂತು, ಯುದ್ಧದ ವೈಭವೀಕರಣವೆಂಬ ಟೀಕೆಯೂ ಬಂತು. ನಾಜಿ ಆಕ್ರಮಣದ ನೆರಳಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಾಲ್ಯ ಕಳೆದ ನಿರ್ದೇಶಕ ಪಾಲ್ ವೆರ್ಹೋವನ್ 1997ರಲ್ಲಿ ಅದೇ ಕಾದಂಬರಿಯನ್ನು ಫ್ಯಾಸಿಸಂನ ವಿಡಂಬನೆಯಾಗಿ ಚಿತ್ರೀಕರಿಸಿದ.

ಊರಿಗೆ ಮರಳಲಾಗದವನು

ಹೈನ್‌ಲೈನ್‌ಗೆ ತಕ್ಕ ಉತ್ತರ ಬಂದದ್ದು ಯುದ್ಧವನ್ನು ಮೈಮೇಲೆ ಹಾಯಿಸಿಕೊಂಡವನಿಂದ. ಜೋ ಹಾಲ್ಡ್‌ಮನ್ ಭೌತಶಾಸ್ತ್ರದ ಪದವೀಧರ. 1967ರಲ್ಲಿ ಕಡ್ಡಾಯ ಸೇನಾ ಭರ್ತಿಗೆ ಸಿಕ್ಕಿ, ಎಂಜಿನಿಯರ್ ದಳದ ಸೈನಿಕನಾಗಿ ವಿಯೆಟ್ನಾಂಗೆ ಹೋಗಿ, ತೀವ್ರವಾಗಿ ಗಾಯಗೊಂಡು ಮರಳಿದ. 1974ರಲ್ಲಿ ಬಂದ ಆತನ 'ದಿ ಫಾರೆವರ್ ವಾರ್' ಕಾದಂಬರಿಯನ್ನು ಅದಕ್ಕೆ ಮುಂಚೆ ಹಲವು ಪ್ರಕಾಶಕರು ಹಿಂದಿರುಗಿಸಿದ್ದರು. ವಿಯೆಟ್ನಾಂ ನೆನಪಿಸುವ ಕಥೆ ಯಾರಿಗೆ ಬೇಕು ಎಂಬುದು ಅವರ ಲೆಕ್ಕಾಚಾರ.

ಇಲ್ಲಿಯೂ ಕವಚ ತೊಟ್ಟ ಸಿಪಾಯಿಗಳಿದ್ದಾರೆ, ಟೌರನ್ನರು ಎಂಬ ಅನ್ಯಗ್ರಹದ ಶತ್ರುಗಳಿದ್ದಾರೆ. ಹೊಸದು ಕಾಲದ ಲೆಕ್ಕ. ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಸಾಗುವವರ ಪಾಲಿಗೆ ಗಡಿಯಾರ ನಿಧಾನವಾಗುತ್ತದೆ ಎಂಬುದು ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತ ಹೇಳಿದ, ಪ್ರಯೋಗಗಳಿಂದ ರುಜುವಾತಾದ ಸತ್ಯ. ನಾಯಕ ಮಂಡೆಲ್ಲ ಎರಡು ವರ್ಷದ ಸೇವೆ ಮುಗಿಸಿ ಬರುವಷ್ಟರಲ್ಲಿ ಭೂಮಿಯ ಮೇಲೆ ಕಾಲು ಶತಮಾನ ಕಳೆದಿರುತ್ತದೆ. ತಾಯಿ ಮುದುಕಿಯಾಗಿದ್ದಾಳೆ, ಊರಿನ ರೀತಿನೀತಿ ಬದಲಾಗಿದೆ. ಕಾಯ್ದುಕೊಳ್ಳಲು ಹೋದ ಮನೆಯೇ ಪರಕೀಯವಾಗಿದೆ. ಬೇರೆ ದಾರಿ ಕಾಣದೆ ಆತ ಮತ್ತೆ ಸೈನ್ಯಕ್ಕೇ ಹೋಗುತ್ತಾನೆ. ವಿಯೆಟ್ನಾಂನ ಕಾಡಿನಿಂದ ವಿಮಾನ ಹತ್ತಿ, ಒಂದೆರಡು ದಿನದಲ್ಲಿ ಅಮೆರಿಕದ ಬೀದಿಯಲ್ಲಿ ಇಳಿದ ಯೋಧರು ಅನುಭವಿಸಿದ ಅನಾಥಭಾವಕ್ಕೆ ಹಾಲ್ಡ್‌ಮನ್ ವಿಜ್ಞಾನದ ಭಾಷೆ ಕೊಟ್ಟ.

ಕಾದಂಬರಿಯ ಮೊದಲ ನೆಲಯುದ್ಧ ಇನ್ನೂ ಕಠೋರ. ಶತ್ರುವಿನ ಮೇಲೆ ದ್ವೇಷ ಉಕ್ಕುವಂತೆ ಸಿಪಾಯಿಗಳ ಮನಸ್ಸಿಗೆ ಮೊದಲೇ ಸಮ್ಮೋಹನದ ಮೂಲಕ ಸುಳ್ಳು ನೆನಪುಗಳನ್ನು ತುಂಬಲಾಗಿರುತ್ತದೆ. ಸಂಕೇತ ಸಿಕ್ಕೊಡನೆ ಅವರು ಮೈಮರೆತು ಕೊಲ್ಲುತ್ತಾರೆ. ಎದುರಿನವರಿಗೆ ಕೈಕೈ ಹೋರಾಟವೇ ಗೊತ್ತಿರಲಿಲ್ಲ ಎಂಬುದು ಅರಿವಾಗುವುದು ಎಲ್ಲ ಮುಗಿದ ಮೇಲೆ. ಕೊನೆಗೆ, ಸಾವಿರ ವರ್ಷಗಳಿಗೂ ಮೀರಿ ನಡೆದ ಯುದ್ಧ ನಿಂತಾಗ ತಿಳಿಯುವ ಸಂಗತಿಯೆಂದರೆ, ಅದನ್ನು ಶುರುಮಾಡಿದ್ದು ಟೌರನ್ನರಲ್ಲವೇ ಅಲ್ಲ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದುದೇ ಅದು ಅಷ್ಟು ಕಾಲ ನಡೆಯಲು ಕಾರಣ. 1964ರಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ನಡೆಯದ ದಾಳಿಯೊಂದರ ವರದಿಯನ್ನು ನಂಬಿಸಿ ಅಮೆರಿಕ ಯುದ್ಧಕ್ಕೆ ಇಳಿದ ಬಗೆಯನ್ನು ಬಲ್ಲವರಿಗೆ ಇದು ಬರಿಯ ಕಥೆಯೆನಿಸದು. ಗಮನಿಸಬೇಕಾದ ಮಾತೆಂದರೆ, ಈ ಪುಸ್ತಕವನ್ನು ಮನಸಾರೆ ಮೆಚ್ಚಿದವರಲ್ಲಿ ಹೈನ್‌ಲೈನ್ ಕೂಡ ಒಬ್ಬ.

ಈ ವಾಗ್ವಾದ ಅಲ್ಲಿಗೇ ಮುಗಿಯಲಿಲ್ಲ. ಆರ್ಸನ್ ಸ್ಕಾಟ್ ಕಾರ್ಡ್‌ನ 'ಎಂಡರ್ಸ್ ಗೇಮ್' (1985) ಕಾದಂಬರಿಯಲ್ಲಿ ಬಾಲಕನೊಬ್ಬ ತಾನು ಆಡುತ್ತಿರುವುದು ತರಬೇತಿಯ ಆಟವೆಂದೇ ನಂಬಿ, ಒಂದು ಇಡೀ ಜೀವಕುಲವನ್ನು ಅಳಿಸಿಹಾಕುತ್ತಾನೆ. ಗೆಲುವಿನ ಕೇಕೆಯ ನಡುವೆ ಅವನೊಬ್ಬನಿಗೆ ಮಾತ್ರ ಉಳಿಯುವುದು ಪಶ್ಚಾತ್ತಾಪ. ಪರದೆಯ ಮುಂದೆ ಕುಳಿತು ದೂರದ ಊರುಗಳ ಮೇಲೆ ಡ್ರೋನ್ ಹಾರಿಸುವ ಈ ಕಾಲದಲ್ಲಿ ಆ ಕಥೆ ಬರೆದಾಗಿನದಕ್ಕಿಂತ ಹತ್ತಿರವಾಗಿದೆ. ಹೈನ್‌ಲೈನ್ ಮತ್ತು ಕಾರ್ಡ್, ಇಬ್ಬರ ಈ ಪುಸ್ತಕಗಳೂ ಅಮೆರಿಕದ ಮರೀನ್ ಪಡೆಯವರು ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಸೇರಿದ್ದುಂಟು.

ಭೂಮಿ ಒಂದಾದೀತೇ?

ಅನ್ಯಗ್ರಹದವರು ಬಂದರೆ ನಮ್ಮ ಜಗಳಗಳು ತಾವೇ ನಿಲ್ಲುತ್ತವೆ ಎಂಬುದು ಈ ಕಥೆಗಳು ಬಿತ್ತಿದ ಒಂದು ಆಸೆ. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1985ರಲ್ಲಿ ಜಿನೀವಾದಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ಎದುರು ಇದೇ ಮಾತೆತ್ತಿದ. 1987ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲೂ ಅದನ್ನು ಹೇಳಿದ. ಭೂಮಿಯವರೆಲ್ಲ ಒಂದೆಂದು ಅರಿಯಲು ಹೊರಗಿನ ಶತ್ರು ಬರಬೇಕೇ ಎಂಬುದು ಅದರ ತಾತ್ಪರ್ಯ.

ಚೀನಾದ ಲಿಯು ಸಿಕ್ಸಿನ್ ಈ ಆಸೆಯನ್ನೂ ಪರೀಕ್ಷೆಗೆ ಒಡ್ಡಿದ. ವಿದ್ಯುತ್ ಸ್ಥಾವರವೊಂದರಲ್ಲಿ ಎಂಜಿನಿಯರಾಗಿದ್ದ ಆತನ 'ದಿ ತ್ರೀ ಬಾಡಿ ಪ್ರಾಬ್ಲಂ' ಚೀನೀ ಭಾಷೆಯಲ್ಲಿ 2006ರಲ್ಲಿ ಧಾರಾವಾಹಿಯಾಗಿ ಬಂದು, ಇಂಗ್ಲಿಷ್ ಅನುವಾದಕ್ಕೆ 2015ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು. ಅಲ್ಲಿ ಶತ್ರುವಿನ ನೌಕಾಪಡೆ ಭೂಮಿ ತಲುಪಲು ನಾಲ್ಕು ಶತಮಾನಗಳೇ ಬೇಕು. ಆದರೂ ಮನುಷ್ಯರು ಒಂದಾಗುವುದಿಲ್ಲ. ಶತ್ರುವನ್ನು ಕರೆಸಿಕೊಳ್ಳುವವಳೂ ಮನುಷ್ಯಳೇ. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ತಂದೆಯನ್ನು ಕಣ್ಣೆದುರೇ ಹೊಡೆದು ಕೊಂದದ್ದನ್ನು ಕಂಡ ವಿಜ್ಞಾನಿ ಅವಳು. ಮನುಷ್ಯಕುಲ ತನ್ನನ್ನು ತಾನು ತಿದ್ದಿಕೊಳ್ಳಲಾರದು ಎಂದು ಬೇಸತ್ತು ನಕ್ಷತ್ರದಾಚೆಗೆ ಉತ್ತರ ಕಳಿಸಿದವಳು.

ಹೀಗೆ ಆಕಾಶ ಬದಲಾಗಿಲ್ಲ, ಶತ್ರುವಿನ ಮುಖ ಬದಲಾಗುತ್ತ ಬಂದಿದೆ. ಕರುಣೆ ತೋರಬೇಕಿಲ್ಲದ ಶತ್ರುವನ್ನು ಕಲ್ಪಿಸಿಕೊಳ್ಳುವುದು ಸುಲಭ. ಒಂದು ಜನಾಂಗವನ್ನು ಹುಳವೆಂದು, ಕೀಟವೆಂದು ಕರೆದ ಮೇಲೆ ಹೊಸಕುವುದು ಇನ್ನೂ ಸುಲಭ ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಚರಿತ್ರೆಯೇ ಸಾಕ್ಷಿ. ಈ ಪ್ರಕಾರದ ಒಳ್ಳೆಯ ಲೇಖಕರು ಮಾಡಿದ್ದು ಆ ಸುಲಭವನ್ನು ಕಷ್ಟವಾಗಿಸುವ ಕೆಲಸ.

ವೋಕಿಂಗ್ ಪಟ್ಟಣದ ನಡುವೆ 1998ರಲ್ಲಿ, ವೆಲ್ಸ್‌ನ ಪುಸ್ತಕಕ್ಕೆ ನೂರು ತುಂಬಿದಾಗ, ಮೂರು ಕಾಲಿನ ಯಂತ್ರದ ಲೋಹದ ಪ್ರತಿಮೆಯೊಂದನ್ನು ನಿಲ್ಲಿಸಿದರು. ಏಳು ಮೀಟರ್ ಎತ್ತರದ ಅದರ ಕೆಳಗೆ ಜನ ಚೀಲ ಹಿಡಿದು ಅಂಗಡಿಗೆ ಹೋಗಿ ಬರುತ್ತಾರೆ. ಅದು ಮಂಗಳದಿಂದ ಬಂದದ್ದೆಂದು ಊರಿನ ಮಕ್ಕಳಿಗೆಲ್ಲ ಗೊತ್ತು. ವೆಲ್ಸ್ ಕಂಡ ಹಾಗೆ ಅದು ಟಾಸ್ಮೇನಿಯದ ಕಡೆಯಿಂದ ನಡೆದು ಬಂದದ್ದು.